ತರಗತಿಗೆ ಎ.ಸಿ. ಇದೆ, ಗಾಳಿ ಇದೆಯೇ?

‘ನಮ್ಮಲ್ಲಿ ಎಲ್ಲ ತರಗತಿಗಳಿಗೂ ಎ.ಸಿ. ಇದೆ ಸಾರ್.’

ಮಕ್ಕಳನ್ನು ಶಾಲೆಗೆ ಸೇರಿಸಲು ಅಲೆಯುವ ದಿನಗಳಲ್ಲಿ ಈ ಮಾತು ಪಟ್ಟಣಗಳಲ್ಲಿ ಈಗ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಹೊರಗಿನ ರಣಬಿಸಿಲಿನಿಂದ ಒಳಗೆ ಕಾಲಿಟ್ಟ ಅಪ್ಪ ಅಮ್ಮಂದಿರ ಮುಖಕ್ಕೆ ತಣ್ಣನೆ ಗಾಳಿ ಬಡಿಯುತ್ತದೆ. ‘ಪರವಾಗಿಲ್ಲ, ಮಗು ಸುಖವಾಗಿ ಕೂತು ಓದಬಹುದು’ ಎನ್ನಿಸುತ್ತದೆ. ಶುಲ್ಕದ ಚೀಟಿಯನ್ನು ನೋಡಿದಾಗ ಎದೆ ಒಮ್ಮೆ ಝಲ್ಲೆಂದರೂ ಸಮಾಧಾನ ಹೇಳಿಕೊಳ್ಳುತ್ತಾರೆ. ಆದರೆ ಗಾಜಿನ ಕಿಟಕಿಯತ್ತ ಬೆರಳು ತೋರಿಸಿ, ‘ಇದನ್ನು ತೆರೆಯಲು ಬರುತ್ತದೆಯೇ?’ ಎಂದು ಕೇಳುವವರು ಬಹಳ ಕಡಿಮೆ.

ಇನ್ನೊಂದು ದೃಶ್ಯ ನೋಡಿ. ರಾಯಚೂರಿನ ಕಡೆಯ ಹಳ್ಳಿಯೊಂದರ ಶಾಲೆ. ತಗಡಿನ ಮಾಡು. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರುವುದೇ ಬೇಸಿಗೆ ಏರುವ ಕಾಲಕ್ಕೆ. ಬೆವರಿನ ಕೈಗೆ ಅಂಟಿಕೊಳ್ಳುವ ಉತ್ತರಪತ್ರಿಕೆ, ಮೇಲೆ ಗರಗರ ಸುತ್ತುತ್ತ ಬಿಸಿಗಾಳಿಯನ್ನೇ ಕಡೆಯುವ ಫ್ಯಾನು. ಈ ಎರಡು ಕೋಣೆಗಳ ನಡುವೆ ಅಜಗಜಾಂತರ ಎಂದು ನಮಗೆ ತೋರುತ್ತದೆ. ಆದರೆ ವಿಜ್ಞಾನ ಎರಡು ಕಡೆಯೂ ಕೇಳುವುದು ಒಂದೇ ಪ್ರಶ್ನೆಯನ್ನು: ಒಳಗಿನ ಬಿಸಿ ಎಲ್ಲಿಗೆ ಹೋಗುತ್ತದೆ, ಹೊರಗಿನ ಗಾಳಿ ಎಲ್ಲಿಂದ ಬರುತ್ತದೆ?

ಮಕ್ಕಳೇ ಒಲೆಗಳು!

ಸುಮ್ಮನೆ ಕುಳಿತಿರುವ ಮನುಷ್ಯನೂ ಒಂದು ಪುಟ್ಟ ಒಲೆಯೇ. ಉಂಡ ಅನ್ನ ರೊಟ್ಟಿಗಳು ದೇಹದಲ್ಲಿ ನಿಧಾನವಾಗಿ ಉರಿದು, ವಯಸ್ಕನೊಬ್ಬನ ಮೈಯಿಂದ ಸುಮಾರು 100 ವಾಟ್ ಶಾಖ ಹೊರಬೀಳುತ್ತದೆ. ಹಳೆಯ ಕಾಲದ 100 ವಾಟ್ ಬಲ್ಬಿನಷ್ಟು. ಶಾಲೆಯ ಮಗುವಿಗೆ 80 ವಾಟ್ ಎಂದಿಟ್ಟುಕೊಳ್ಳೋಣ. ಐವತ್ತು ಮಕ್ಕಳ ತರಗತಿ ಎಂದರೆ 4,000 ವಾಟ್! ತರಗತಿಯ ನಾಲ್ಕು ಮೂಲೆಗಳಲ್ಲಿ ಒಂದೊಂದು ಕಿಲೋವಾಟಿನ ನಾಲ್ಕು ಹೀಟರ್ ಇಟ್ಟು ಪಾಠ ಮಾಡಿದಂತೆ. ಬಿಸಿಲಿಗೆ ಕಾದ ಛಾವಣಿಯ ಶಾಖವನ್ನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ.

ಗಾಳಿಯ ಲೆಕ್ಕವೂ ಸ್ವಾರಸ್ಯಕರ. ಕಾಗದ ಪೆನ್ಸಿಲ್ ತೆಗೆದುಕೊಳ್ಳಿ. ಕುಳಿತಿರುವ ವಿದ್ಯಾರ್ಥಿಯೊಬ್ಬ ಗಂಟೆಗೆ ಅಂದಾಜು 15 ಲೀಟರ್ ಇಂಗಾಲದ ಡೈಆಕ್ಸೈಡನ್ನು ಉಸಿರಿನಲ್ಲಿ ಹೊರಬಿಡುತ್ತಾನೆ. ಐವತ್ತು ಜನರಿಂದ 750 ಲೀಟರ್. ಏಳೂವರೆ ಮೀಟರ್ ಉದ್ದ, ಆರು ಮೀಟರ್ ಅಗಲ, ಮೂರೂಕಾಲು ಮೀಟರ್ ಎತ್ತರದ ತರಗತಿಯಲ್ಲಿ ಇರುವುದು ಸುಮಾರು 1,46,000 ಲೀಟರ್ ಗಾಳಿ. ಬಾಗಿಲು, ಕಿಟಕಿ, ಬಿರುಕು ಎಲ್ಲವನ್ನೂ ಬಿಗಿಯಾಗಿ ಮುಚ್ಚಿದರೆ ಒಂದೇ ಗಂಟೆಯಲ್ಲಿ ಈ ಅನಿಲದ ಪ್ರಮಾಣ ಹತ್ತು ಲಕ್ಷ ಭಾಗಕ್ಕೆ 5,000 ಭಾಗದಷ್ಟು ಏರುತ್ತದೆ. ಹೊರಗಿನ ಗಾಳಿಯಲ್ಲಿ ಅದು ಇರುವುದು 420ರ ಆಸುಪಾಸಿನಲ್ಲಿ.

ಇಷ್ಟಕ್ಕೇ ಯಾರೂ ವಿಷವೇರಿ ಬೀಳುವುದಿಲ್ಲ, ಗಾಬರಿ ಬೇಡ. ಆದರೆ ಈ ಅಂಕಿ ಒಂದು ಚಾಡಿಕೋರನಿದ್ದಂತೆ. ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಷ್ಟು ಎಳೆದುಕೊಳ್ಳುತ್ತಿದ್ದಾರೆ ಎಂಬುದನ್ನು ಅದು ಹೇಳಿಬಿಡುತ್ತದೆ. ಜರ್ಮನಿಯ ಮ್ಯೂನಿಕ್‌ನಲ್ಲಿದ್ದ ಆರೋಗ್ಯ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ 1858ರಲ್ಲಿಯೇ, ವಾಸದ ಕೋಣೆಯಲ್ಲಿ ಇದು 1,000 ಭಾಗವನ್ನು ದಾಟಬಾರದು ಎಂದಿದ್ದ. ಗಾಳಿ ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯಲು ಇಂದಿಗೂ ಎಂಜಿನಿಯರುಗಳು ಆ ಗೆರೆಯನ್ನು ನೆನೆಯುತ್ತಾರೆ. ನಮ್ಮ ತರಗತಿ ಆ ಗೆರೆಯೊಳಗೆ ಇರಬೇಕಾದರೆ ತಲೆಗೆ ಗಂಟೆಗೆ ಸುಮಾರು 25 ಘನ ಮೀಟರ್ ಹೊಸ ಗಾಳಿ ಬೇಕು. ಐವತ್ತು ತಲೆಗೆ 1,250 ಘನ ಮೀಟರ್. ಅಂದರೆ ಕೋಣೆಯ ಗಾಳಿ ಗಂಟೆಗೆ ಎಂಟು ಸಲವಾದರೂ ಪೂರ್ತಿ ಬದಲಾಗಬೇಕು! ಎದುರುಬದುರು ಕಿಟಕಿಗಳಿದ್ದು ಗಾಳಿ ಆಡುತ್ತಿದ್ದರೆ ಇದು ತಾನಾಗಿಯೇ ಆಗುವ ಕೆಲಸ. ಮುಚ್ಚಿದ ಗಾಜಿನೊಳಗೆ ಯಂತ್ರದ ಸಹಾಯವಿಲ್ಲದೆ ಆಗದ ಕೆಲಸ. ಮಧ್ಯಾಹ್ನದ ಪಾಠದಲ್ಲಿ ಮಕ್ಕಳು ತೂಕಡಿಸಿದರೆ ತಪ್ಪೆಲ್ಲ ಊಟದ್ದೂ ಅಲ್ಲ, ಮೇಷ್ಟರದ್ದೂ ಅಲ್ಲ. ಒಂದು ಪಾಲು ಮುಚ್ಚಿದ ಕಿಟಕಿಯದ್ದು.

ಸೆಕೆಗೂ ಅಂಕಕ್ಕೂ ನಂಟು

‘ನಾವೆಲ್ಲ ಫ್ಯಾನೂ ಇಲ್ಲದೆ ಓದಿದವರಲ್ಲವೇ?’ ಎಂದು ಹಿರಿಯರು ಕೇಳಬಹುದು. ಓದಿದ್ದು ನಿಜ. ಆದರೆ ಸೆಕೆ ತನ್ನ ಪಾಲನ್ನು ಕಿತ್ತುಕೊಳ್ಳದೆ ಬಿಡುವುದಿಲ್ಲ. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಜೂನ್ ತಿಂಗಳಲ್ಲಿ ನಡೆಯುವ ಪ್ರೌಢಶಾಲಾ ಪರೀಕ್ಷೆಗಳ ಲಕ್ಷಾಂತರ ಫಲಿತಾಂಶಗಳನ್ನು ಅರ್ಥಶಾಸ್ತ್ರಜ್ಞ ಜಿಸುಂಗ್ ಪಾರ್ಕ್ ಹವಾಮಾನದ ದಾಖಲೆಯೊಂದಿಗೆ ಹೋಲಿಸಿದರು. 24 ಡಿಗ್ರಿಯ ದಿನಕ್ಕಿಂತ 32 ಡಿಗ್ರಿಯ ದಿನ ಪರೀಕ್ಷೆ ಬರೆದವರು ಆ ವಿಷಯದಲ್ಲಿ ಪಾಸಾಗುವ ಸಾಧ್ಯತೆ ನೂರಕ್ಕೆ ಸುಮಾರು 10ರಷ್ಟು ಕಡಿಮೆ ಇತ್ತು. ಅವರೂ ಸೇರಿ ನಾಲ್ವರು 2020ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಅಮೆರಿಕದ ಸುಮಾರು ಒಂದು ಕೋಟಿ ವಿದ್ಯಾರ್ಥಿಗಳ ಅಂಕಗಳನ್ನು ಜಾಲಾಡಿತು. ಶಾಲಾ ವರ್ಷ ಒಂದು ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಹೆಚ್ಚು ಬಿಸಿಯಾದರೆ ಆ ವರ್ಷದ ಕಲಿಕೆಯಲ್ಲಿ ನೂರರಲ್ಲಿ ಒಂದು ಪಾಲು ನಷ್ಟ, ಎ.ಸಿ. ಇದ್ದ ಶಾಲೆಗಳಲ್ಲಿ ಈ ನಷ್ಟ ಹೆಚ್ಚೂಕಡಿಮೆ ಕಾಣಲಿಲ್ಲ.

ಹಾಗಾದರೆ ಎ.ಸಿ. ಎನ್ನುವುದು ಬರಿಯ ಷೋಕಿ ಅಲ್ಲ. 32 ಡಿಗ್ರಿಗೇ ಈ ಪಾಡಾದರೆ 40ರ ಧಗೆಯಲ್ಲಿ ಕೂರುವ ಕಲಬುರ್ಗಿ, ಬಳ್ಳಾರಿಯ ಮಕ್ಕಳ ಗತಿಯೇನು? ತಂಪು ಬೇಕು, ನಿಜ. ಯಾವ ತಂಪು, ಎಷ್ಟು, ಹೇಗೆ ಎಂಬುದಷ್ಟೇ ಪ್ರಶ್ನೆ.

ಅಚ್ಚುಮನೆಯಲ್ಲಿ ಹುಟ್ಟಿದ ಯಂತ್ರ

ಎ.ಸಿ. ಹುಟ್ಟಿದ್ದು ಮನುಷ್ಯರ ಸುಖಕ್ಕಾಗಿ ಅಲ್ಲ, ಕಾಗದದ ಸುಖಕ್ಕಾಗಿ! 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಮುದ್ರಣಾಲಯವೊಂದಕ್ಕೆ ವಿಚಿತ್ರ ತೊಂದರೆ ಕಾಡುತ್ತಿತ್ತು. ಬಣ್ಣದ ಚಿತ್ರವನ್ನು ಒಂದೊಂದೇ ಬಣ್ಣವಾಗಿ ಅಚ್ಚು ಹಾಕಬೇಕು. ಬೇಸಿಗೆಯ ತೇವದ ಗಾಳಿಗೆ ಕಾಗದ ಹಿಗ್ಗಿ, ಒಣಗಿದಾಗ ಕುಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಕೂರುತ್ತಿರಲಿಲ್ಲ. ಪರಿಹಾರ ಹುಡುಕುವ ಹೊಣೆ ಬಿದ್ದದ್ದು ವಿಲಿಸ್ ಕ್ಯಾರಿಯರ್ ಎಂಬ 25ರ ಹರೆಯದ ಎಂಜಿನಿಯರನ ಮೇಲೆ. ಕಾಲೇಜು ಮುಗಿಸಿ ಆತ ಕೆಲಸಕ್ಕೆ ಸೇರಿ ಒಂದು ವರ್ಷವಷ್ಟೇ ಆಗಿತ್ತು. ತಣ್ಣೀರು ಹರಿಯುವ ಕೊಳವೆಗಳ ಮೇಲೆ ಗಾಳಿಯನ್ನು ಹಾಯಿಸಿದರೆ ಗಾಳಿ ತಣಿಯುವುದಲ್ಲದೆ ಅದರೊಳಗಿನ ತೇವ ಹನಿಯಾಗಿ ಕೆಳಗಿಳಿಯುತ್ತದೆ ಎಂಬುದು ಆತನ ಉಪಾಯ. ಬೇಸಿಗೆಯಲ್ಲಿ ತಣ್ಣೀರಿನ ಚೊಂಬಿನ ಹೊರಮೈ ಬೆವರುವುದನ್ನು ಯಾರು ನೋಡಿಲ್ಲ? ಅದೇ ಸಂಗತಿ!

ಹೀಗೆ ಗಾಳಿಯ ತೇವವನ್ನು ಹತೋಟಿಗೆ ತರಲು ಹೊರಟ ಯಂತ್ರ ಮುಂದೆ ಜವಳಿ ಗಿರಣಿ, ಚಿತ್ರಮಂದಿರ, ಆಸ್ಪತ್ರೆಗಳನ್ನು ಹೊಕ್ಕಿತು. ಇಂದಿನ ಎ.ಸಿ.ಯಲ್ಲಿ ಮುಖ್ಯವಾಗಿ ಇರುವುದು ಒಂದು ವಿಶೇಷ ದ್ರವ. ಒಳಗಿನ ಕೊಳವೆಯಲ್ಲಿ ಅದು ಆವಿಯಾಗುತ್ತ ಕೋಣೆಯ ಶಾಖವನ್ನು ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಹೊರಗಿನ ಪೆಟ್ಟಿಗೆಗೆ ದೂಡುತ್ತದೆ. ಅಲ್ಲಿ ಆವಿ ಮತ್ತೆ ದ್ರವವಾಗುತ್ತ ಶಾಖವನ್ನು ಹೊರಗಿನ ಗಾಳಿಗೆ ಬಿಡುತ್ತದೆ. ಎ.ಸಿ. ತಂಪನ್ನು ತಯಾರಿಸುವುದಿಲ್ಲ, ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಹಾಕುವ ಹಮಾಲಿ ಅದು. ಕೂಲಿ ಮಾತ್ರ ವಿದ್ಯುತ್ತಿನ ಬಿಲ್ಲಿನಲ್ಲಿ. ಇದೇ ಯಂತ್ರವನ್ನು ಹಿಂದುಮುಂದಾಗಿ ಓಡಿಸಿದರೆ ಹೊರಗಿನ ಶಾಖವನ್ನು ಒಳಗೆ ತರುತ್ತದೆ. ಚಳಿಯ ದೇಶಗಳಲ್ಲಿ ನೆಲೆಸಿರುವ ನಮ್ಮ ಎಷ್ಟೋ ಜನರ ಮನೆಗಳನ್ನು ಬೆಚ್ಚಗಿಡುವುದು ಹೀಗೆ.

ಒಂದೂವರೆ ಟನ್ ಯಾವುದರ ತೂಕ?

ಅಂಗಡಿಯಲ್ಲಿ ‘ಒಂದೂವರೆ ಟನ್ ಎ.ಸಿ.’ ಎನ್ನುತ್ತಾರೆ. ಅಷ್ಟು ತೂಕವಿದ್ದರೆ ಗೋಡೆ ಉಳಿದೀತೇ? ಇದು ಮಂಜುಗಡ್ಡೆಯ ಲೆಕ್ಕ. ಅಮೆರಿಕದ ಅಳತೆಯ ಒಂದು ಟನ್, ಅಂದರೆ 907 ಕಿಲೋ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುತ್ತ ಎಷ್ಟು ಶಾಖವನ್ನು ಹೀರುತ್ತದೋ ಅಷ್ಟು ಸಾಮರ್ಥ್ಯದ ಎ.ಸಿ.ಗೆ ಒಂದು ಟನ್ ಎಂದು ಹೆಸರು. ಅದು ಸುಮಾರು 3.5 ಕಿಲೋವಾಟ್. ನಮ್ಮ ಐವತ್ತು ಮಕ್ಕಳ 4 ಕಿಲೋವಾಟ್ ಶಾಖಕ್ಕೇ ಒಂದು ಟನ್ ಸಾಲದು!

ಈ ಲೆಕ್ಕದ ಹಿಂದೆ ಒಂದು ಇತಿಹಾಸವಿದೆ. ಯಂತ್ರ ಬರುವ ಮೊದಲು ಜಗತ್ತಿಗೆ ತಂಪನ್ನು ಮಾರುತ್ತಿದ್ದುದು ಮಂಜುಗಡ್ಡೆಯ ವ್ಯಾಪಾರಿಗಳು. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ 1833ರಲ್ಲಿ ಅಲ್ಲಿನ ಮಂಜುಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಹುದುಗಿಸಿ ಕಲ್ಕತ್ತೆಗೆ ಕಳಿಸಿದ. ಹೊರಟದ್ದು 180 ಟನ್. ನಾಲ್ಕು ತಿಂಗಳ ಕಡಲ ಪಯಣದ ನಂತರ ತಲುಪಿದ್ದು ಸುಮಾರು 100 ಟನ್. ಮದರಾಸಿನಲ್ಲಿಯೂ ಇದಕ್ಕಾಗಿ ಕಡಲತಡಿಯಲ್ಲಿ ‘ಐಸ್ ಹೌಸ್’ ಕಟ್ಟಲಾಯಿತು. 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದ ಆ ಕಟ್ಟಡ ಇಂದು ಅವರ ಹೆಸರಿನಲ್ಲಿಯೇ ಇದೆ.

ತಣ್ಣನೆ ಗಾಳಿ ಬೇರೆ, ಹೊಸ ಗಾಳಿ ಬೇರೆ

ಈಗ ಬಹಳ ಜನ ತಿಳಿಯದ ಸಂಗತಿಗೆ ಬರೋಣ. ಮನೆ, ಅಂಗಡಿ, ತರಗತಿಗಳ ಗೋಡೆಗೆ ಸಾಮಾನ್ಯವಾಗಿ ಹಾಕುವ ಸ್ಪ್ಲಿಟ್ ಎ.ಸಿ. ಹೊರಗಿನಿಂದ ಗಾಳಿಯನ್ನು ತರುವುದೇ ಇಲ್ಲ. ಒಳಗಿನ ಪೆಟ್ಟಿಗೆಗೂ ಹೊರಗಿನ ಪೆಟ್ಟಿಗೆಗೂ ನಡುವೆ ಓಡಾಡುವುದು ಕೊಳವೆಯೊಳಗಿನ ದ್ರವ ಮಾತ್ರ. ಕೋಣೆಯ ಹಳೆಯ ಗಾಳಿಯನ್ನೇ ಅದು ಮತ್ತೆ ಮತ್ತೆ ತಣಿಸುತ್ತದೆ. ತಂಪು ಹೋಗದಿರಲೆಂದು ನಾವು ಕಿಟಕಿಯನ್ನು ಭದ್ರಪಡಿಸುತ್ತೇವೆ. ತರಗತಿ ತಣ್ಣಗಿರುತ್ತದೆ, ಆದರೆ ಉಸಿರು ಎಂಜಲಾಗಿರುತ್ತದೆ.

ಇದರ ಬೆಲೆ ಏನೆಂಬುದನ್ನು ಕೋವಿಡ್ ಕಲಿಸಿತು. 2020ರ ಜನವರಿಯಲ್ಲಿ ಚೀನಾದ ಗ್ವಾಂಗ್‌ಝೌ ನಗರದ ಹೋಟೆಲೊಂದರಲ್ಲಿ ಅಕ್ಕಪಕ್ಕದ ಮೂರು ಮೇಜುಗಳಲ್ಲಿ ಮೂರು ಕುಟುಂಬಗಳು ಊಟಕ್ಕೆ ಕುಳಿತಿದ್ದವು. ಒಬ್ಬರಿಗೆ ಸೋಂಕಿತ್ತು. ಕೆಲವೇ ದಿನಗಳಲ್ಲಿ ಆ ಮೂರು ಕುಟುಂಬಗಳ ಒಟ್ಟು ಹತ್ತು ಮಂದಿ ಕಾಯಿಲೆ ಬಿದ್ದರು. ಕಿಟಕಿಗಳಿಲ್ಲದ ಆ ಕೋಣೆಯಲ್ಲಿ ಎ.ಸಿ.ಯ ಗಾಳಿ ಆ ಮೂರು ಮೇಜುಗಳ ನಡುವೆಯೇ ಸುತ್ತು ಹೊಡೆಯುತ್ತಿದ್ದುದನ್ನು ಸಂಶೋಧಕರು ಗುರುತಿಸಿದರು. ಶೀತ, ಜ್ವರ, ಕ್ಷಯ, ದಡಾರದಂಥ ರೋಗಗಳಿಗೂ ಮುಚ್ಚಿದ ಕೋಣೆ ಎಂದರೆ ಪ್ರೀತಿ.

ಯಂತ್ರವನ್ನು ಹಾಕಿ ಮರೆತರೂ ಆಪತ್ತೇ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮಾಜಿ ಯೋಧರ ಸಮಾವೇಶಕ್ಕೆ ಬಂದವರಲ್ಲಿ ಸುಮಾರು 30 ಮಂದಿ ವಿಚಿತ್ರ ನ್ಯುಮೋನಿಯಾದಿಂದ ಸತ್ತರು. ಮರುವರ್ಷ ಸಿಕ್ಕಿದ ಬ್ಯಾಕ್ಟೀರಿಯಕ್ಕೆ ಆ ಯೋಧರ ಸಂಘದ ನೆನಪಿನಲ್ಲಿಯೇ ‘ಲೀಜಿಯೊನೆಲ್ಲ’ ಎಂದು ಹೆಸರಿಟ್ಟರು. ದೊಡ್ಡ ಕಟ್ಟಡಗಳ ತಂಪುಗೋಪುರದ ನೀರನ್ನು ಶುಚಿಯಾಗಿಡದಿದ್ದರೆ ಅದು ಅಲ್ಲಿ ಬೆಳೆದು ತುಂತುರಿನೊಂದಿಗೆ ಹರಡಬಲ್ಲದು.

ಪರಿಹಾರ ಇಲ್ಲವೆಂದಲ್ಲ. ಒಳ್ಳೆಯ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಸೋಸಿದ ಗಾಳಿಯನ್ನು ತುಸು ಹೆಚ್ಚು ಒತ್ತಡದಲ್ಲಿ ತುಂಬಿರುತ್ತಾರೆ. ಬಾಗಿಲು ತೆರೆದರೆ ಗಾಳಿ ಹೊರಕ್ಕೆ ನುಗ್ಗುತ್ತದೆಯೇ ಹೊರತು ರೋಗಾಣು ಒಳಗೆ ಬರುವುದಿಲ್ಲ. ಕ್ಷಯರೋಗಿಗಳ ಪ್ರತ್ಯೇಕ ಕೊಠಡಿಯಲ್ಲಿ ಇದಕ್ಕೆ ತದ್ವಿರುದ್ಧ ಏರ್ಪಾಡು. ತರಗತಿಗೆ ಇಷ್ಟೆಲ್ಲ ಬೇಡ. ಹೊಸ ಗಾಳಿಯನ್ನು ತರುವ ಒಂದು ಫ್ಯಾನು, ಹಳೆಯದನ್ನು ಹೊರಗಟ್ಟುವ ಒಂದು ಎಕ್ಸಾಸ್ಟ್ ಫ್ಯಾನು, ಪೀರಿಯಡ್ಡಿನ ನಡುವೆ ಐದು ನಿಮಿಷ ತೆರೆದ ಕಿಟಕಿ ಬಾಗಿಲು, ಇಷ್ಟಿದ್ದರೂ ದೊಡ್ಡ ಉಪಕಾರ.

ಅಜ್ಜನ ಮನೆಯ ಎಂಜಿನಿಯರಿಂಗ್

ನಮ್ಮ ಹಿರಿಯರಿಗೆ ವಾಟ್ ಗೊತ್ತಿರಲಿಲ್ಲ, ಗಾಳಿ ಗೊತ್ತಿತ್ತು. ಉತ್ತರ ಕರ್ನಾಟಕದ ಮಾಳಿಗೆ ಮನೆಯನ್ನು ನೋಡಿ. ಮೊಳಗಟ್ಟಲೆ ದಪ್ಪದ ಮಣ್ಣಿನ ಗೋಡೆ, ಮಣ್ಣಿನದೇ ಛಾವಣಿ, ಸಣ್ಣ ಕಿಟಕಿ, ನೆತ್ತಿಯಲ್ಲೊಂದು ಬೆಳಕಿಂಡಿ. ಹಗಲಿನ ಝಳ ದಪ್ಪ ಗೋಡೆಯನ್ನು ದಾಟಿ ಒಳಗೆ ಬರುವಷ್ಟರಲ್ಲಿ ಸಂಜೆಯಾಗಿರುತ್ತದೆ. ಆಗ ಹೊರಗೆ ತಂಪು. ಮೇಲೇರಿದ ಬಿಸಿಗಾಳಿ ಬೆಳಕಿಂಡಿಯಿಂದ ಜಾರಿಕೊಳ್ಳುತ್ತದೆ.

ಕರಾವಳಿಯಲ್ಲಿ ಈ ಉಪಾಯ ನಡೆಯದು. ಅಲ್ಲಿ ರಾತ್ರಿಯೂ ಸೆಕೆ, ಗಾಳಿಯ ತುಂಬ ತೇವ. ಮೈ ಒಣಗಬೇಕಾದರೆ ಗಾಳಿ ಬೀಸಬೇಕು. ಹಾಗಾಗಿ ಅಗಲದ ಜಗಲಿ, ದೊಡ್ಡ ಕಿಟಕಿ, ಇಳಿಜಾರಿನ ಹಂಚಿನ ಮಾಡು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹೆಸರು ಮಾಡಿದ ಮಂಗಳೂರು ಹಂಚು ಮಳೆಯನ್ನು ತಡೆಯುತ್ತಿತ್ತು, ಸಂದುಗಳಲ್ಲಿ ಬಿಸಿಗಾಳಿಯನ್ನು ಬಿಟ್ಟುಕೊಡುತ್ತಿತ್ತು. ಮೈಸೂರು ಸೀಮೆಯ ತೊಟ್ಟಿ ಮನೆಯಲ್ಲಿ ನಡುವಿನ ತೆರೆದ ಅಂಗಳವೇ ಮನೆಯ ಮೂಗು.

ಇದೇ ತತ್ತ್ವ ಕೂಲರಿಗೂ ಅನ್ವಯ. ಒದ್ದೆ ಹುಲ್ಲಿನ ಮೂಲಕ ಗಾಳಿಯನ್ನು ಎಳೆಯುವ ಕೂಲರ್ ರಾಯಚೂರಿನ ಒಣ ಬಿಸಿಲಲ್ಲಿ ವರ. ಮಂಗಳೂರಿನ ಜಿಗುಟು ಸೆಕೆಯಲ್ಲಿ ಶಾಪ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದು, ಲಾವಂಚದ ತಡಿಕೆಗೆ ನೀರು ಚಿಮುಕಿಸುವುದು, ಎಲ್ಲವೂ ನೀರು ಆವಿಯಾಗುವಾಗ ಶಾಖವನ್ನು ಹೀರುವ ಗುಣದಿಂದಲೇ.

ಕಾಂಕ್ರೀಟು ಬಂದ ಮೇಲೆ ಎಲ್ಲ ಊರಿಗೂ ಒಂದೇ ಡಬ್ಬಿ ಮನೆ. ಹಗಲೆಲ್ಲ ಕಾದ ತಾರಸಿ ರಾತ್ರಿ ನಮ್ಮ ಮೇಲೆ ಬಿಸಿ ಸುರಿಯುತ್ತದೆ. ಕೇರಳದಲ್ಲಿ ನೆಲೆಸಿದ್ದ ವಾಸ್ತುಶಿಲ್ಪಿ ಲಾರಿ ಬೇಕರ್ ಇಟ್ಟಿಗೆಯ ಜಾಲಂಧ್ರದ ಗೋಡೆಗಳಿಂದಲೂ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದ ವಿಜ್ಞಾನಿಗಳು ಒತ್ತಿದ ಮಣ್ಣಿನ ಇಟ್ಟಿಗೆಗಳಿಂದಲೂ ಬೇರೆ ದಾರಿ ತೋರಿಸಿದರು. ಏನೂ ಆಗದಿದ್ದರೆ ಬೇಸಿಗೆಗೆ ಮುಂಚೆ ತಾರಸಿಗೆ ಬಿಳಿ ಸುಣ್ಣ ಬಳಿದರೂ ಸರಿ, ಕೆಳಗಿನ ಕೋಣೆಯ ಬಿಸಿ ಒಂದೆರಡು ಡಿಗ್ರಿಯಾದರೂ ಇಳಿಯುತ್ತದೆ. ತಗಡಿನ ಮಾಡಿನ ಶಾಲೆಗಂತೂ ಇದು ಎಲ್ಲಕ್ಕಿಂತ ಅಗ್ಗದ ಔಷಧಿ. ಹಳೆಯ ವಿದ್ಯಾರ್ಥಿಗಳು ಮನಸ್ಸು ಮಾಡಿದರೆ ಒಂದು ಭಾನುವಾರದ ಕೆಲಸ.

ತಂಪಿನ ಬಿಸಿ

ಎ.ಸಿ.ಯೊಳಗಿನ ಗ್ಯಾಸಿಗೂ ಒಂದು ಕಥೆಯಿದೆ. ಹಿಂದೆ ಬಳಸುತ್ತಿದ್ದ ಸಿ.ಎಫ್.ಸಿ. ಅನಿಲಗಳು ಓಜೋನ್ ಪದರವನ್ನು ತಿನ್ನುತ್ತವೆ ಎಂದು ರೋಲೆಂಡ್ ಮತ್ತು ಮೊಲಿನಾ 1974ರಲ್ಲಿ ಎಚ್ಚರಿಸಿದರು. 1987ರ ಮಾಂಟ್ರಿಯಲ್ ಒಪ್ಪಂದದಿಂದ ಅವಕ್ಕೆ ಕಡಿವಾಣ ಬಿತ್ತು. ಇಬ್ಬರಿಗೂ 1995ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ಸಿಕ್ಕಿತು. ಬದಲಿಗೆ ಬಂದ ಕೆಲವು ಅನಿಲಗಳು ಓಜೋನಿಗೆ ಸಾಧು, ಭೂಮಿಗೆ ಮಾತ್ರ ಬಿಸಿ. ಆರ್-410ಎ ಎಂಬುದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 2,000 ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಇಂಥವನ್ನು ತಗ್ಗಿಸಲು 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಆದ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿತು. ನಾವು ಮಾಡಬಹುದಾದ್ದು ರಿಮೋಟಿನಲ್ಲಿಯೇ ಇದೆ. 2020ರ ಜನವರಿಯಿಂದ ಹೊಸ ಎ.ಸಿ.ಗಳು ಚಾಲೂ ಆದಾಗ 24 ಡಿಗ್ರಿಯಲ್ಲಿರಬೇಕು ಎಂದು ಕೇಂದ್ರ ಸರ್ಕಾರ ನಿಯಮ ಮಾಡಿತು. ಒಂದೊಂದು ಡಿಗ್ರಿ ಏರಿಸಿದರೂ ನೂರಕ್ಕೆ 6ರಷ್ಟು ವಿದ್ಯುತ್ ಉಳಿಯುತ್ತದೆಂದು ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. 18ಕ್ಕೆ ಇಳಿಸಿ ಕಂಬಳಿ ಹೊದೆಯುವುದು ಯಾವ ಜಾಣತನ?

ಕೆಲಸವೂ ಇದೆ

ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಐ.ಟಿ.ಐ.ನಲ್ಲಿ ರೆಫ್ರಿಜರೇಷನ್ ಮತ್ತು ಏರ್ ಕಂಡೀಷನಿಂಗ್ ಎಂಬ ಎರಡು ವರ್ಷದ ತರಬೇತಿ ಉಂಟು. ಮೆಕ್ಯಾನಿಕಲ್ ಡಿಪ್ಲೊಮಾ, ಬಿ.ಇ. ಓದಿದವರಿಗೆ ವಿನ್ಯಾಸದ ಕೆಲಸ. ವಾಸ್ತುಶಿಲ್ಪ ಓದಿದವರಿಗೆ ಯಂತ್ರವೇ ಕಡಿಮೆ ಬೇಕಾಗುವ ಕಟ್ಟಡ ಕಟ್ಟುವ ಸವಾಲು. ಬೇಸಿಗೆಯಲ್ಲಿ ಎ.ಸಿ. ರಿಪೇರಿ ಮಾಡುವುದಷ್ಟೇ ಈ ವೃತ್ತಿ ಅಲ್ಲ. ಲಸಿಕೆಯನ್ನು 2ರಿಂದ 8 ಡಿಗ್ರಿಯಲ್ಲಿ ಹಳ್ಳಿಯ ಆರೋಗ್ಯ ಕೇಂದ್ರದವರೆಗೆ ಸಾಗಿಸುವವರು, ಹಾಲು, ದ್ರಾಕ್ಷಿ, ಮೀನು ಕೆಡದಂತೆ ಶೀತಲಗೃಹ ನಡೆಸುವವರು, ಔಷಧಿ ಕಾರ್ಖಾನೆ, ಕಂಪ್ಯೂಟರ್ ಕೇಂದ್ರ, ಮೆಟ್ರೊ ಸುರಂಗಗಳ ಗಾಳಿಯನ್ನು ಕಾಯುವವರು ಎಲ್ಲರೂ ಇದೇ ವಿದ್ಯೆ ಕಲಿತವರು. ಭೌತಶಾಸ್ತ್ರದ ಗುಪ್ತೋಷ್ಣದ ಪಾಠ ಯಾಕೆ ಬೇಕು ಎಂದು ಗೊಣಗುವ ಹುಡುಗರಿಗೆ ಉತ್ತರ ಇಲ್ಲಿದೆ.

ಮಾಡಿ ನೋಡಿ

ಒಂದು ಊದುಬತ್ತಿ ಹಚ್ಚಿ ತರಗತಿಯ ಕಿಟಕಿ, ಬಾಗಿಲು, ಗವಾಕ್ಷಿಗಳ ಬಳಿ ಹಿಡಿಯಿರಿ. ಹೊಗೆ ಎತ್ತ ಬಾಗುತ್ತದೆ? ಗಾಳಿ ಬರುವ ದಾರಿ, ಹೋಗುವ ದಾರಿ ಎರಡೂ ಸಿಕ್ಕಿದವೇ? ಹೊಗೆ ನೆಟ್ಟಗೆ ನಿಂತರೆ ಆ ಕೋಣೆ ಉಸಿರಾಡುತ್ತಿಲ್ಲ ಎಂದೇ ಅರ್ಥ. ಇನ್ನೊಂದು ಪ್ರಯೋಗ: ಎರಡು ಥರ್ಮಾಮೀಟರುಗಳಲ್ಲಿ ಒಂದರ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ ಫ್ಯಾನಿನ ಕೆಳಗಿಡಿ. ಎರಡರ ನಡುವಿನ ವ್ಯತ್ಯಾಸ ದೊಡ್ಡದಿದ್ದರೆ ನಿಮ್ಮೂರಿಗೆ ಕೂಲರ್ ಸಾಕು. ಸಣ್ಣದಿದ್ದರೆ ಕೂಲರಿಗೆ ಹಾಕುವ ಹಣ ದಂಡ.

ಪಾಲಕರಿಗೆ ಒಂದು ಮಾತು. ಮುಂದಿನ ಸಲ ಶಾಲೆ ನೋಡಲು ಹೋದಾಗ ಎ.ಸಿ. ಎಷ್ಟು ಟನ್ ಎಂದು ಕೇಳುವ ಮೊದಲು, ಹೊಸ ಗಾಳಿ ಎಲ್ಲಿಂದ ಬರುತ್ತದೆ, ಎ.ಸಿ.ಯ ಜಾಲರಿಯನ್ನು ಎಷ್ಟು ದಿನಕ್ಕೊಮ್ಮೆ ತೊಳೆಯುತ್ತೀರಿ, ವಿದ್ಯುತ್ ಹೋದಾಗ ಏನು ಮಾಡುತ್ತೀರಿ ಎಂದು ಕೇಳಿ. ಊರಿನ ಸರ್ಕಾರಿ ಶಾಲೆಯಾದರೆ ಅದರ ಮಾಡಿನತ್ತ ಒಮ್ಮೆ ತಲೆಯೆತ್ತಿ ನೋಡಿ. ಪಾಠಪುಸ್ತಕ, ಮೇಷ್ಟರು, ಟ್ಯೂಷನ್ ಎಲ್ಲದರ ಬಗ್ಗೆ ಚಿಂತಿಸುವ ನಾವು, ಮಕ್ಕಳು ದಿನಕ್ಕೆ ಆರೇಳು ಗಂಟೆ ಎಳೆದುಕೊಳ್ಳುವ ಗಾಳಿಯ ಬಗ್ಗೆ ಚಿಂತಿಸಿದ್ದು ಕಡಿಮೆ. ಅದಕ್ಕೆ ಶುಲ್ಕವಿಲ್ಲ. ಬೇಕಾದದ್ದು ತೆರೆಯಬಲ್ಲ ಒಂದು ಕಿಟಕಿ, ಅದನ್ನು ತೆರೆಯುವ ಒಂದು ಕೈ.